ಓಡುವವನಿಗೆ ಎಷ್ಟು ಹೆಜ್ಜೆ?

ಕೇಳುಗರೇ, ಚಾದರಘಾಟಿನ ವಿಕ್ಟರಿ ಪ್ಲೇಗ್ರೌಂಡಿನಲ್ಲೋ ನಾರಾಯಣಗುಡದ ವೈ.ಎಂ.ಸಿ.ಎ.ಯಲ್ಲೋ ಬ್ಯಾಸ್ಕೆಟ್‌ಬಾಲ್ ನೋಡುತ್ತ ನಿಂತಿದ್ದರೆ ಈ ಜಗಳ ನಿಮಗೆ ಹೊಸದಲ್ಲ. ಹುಡುಗ ಚೆಂಡು ಹಿಡಿದು ನುಗ್ಗುತ್ತಾನೆ, ಬುಟ್ಟಿಗೆ ಹಾಕುತ್ತಾನೆ. 'ಮೂರು ಹೆಜ್ಜೆ! ಟ್ರಾವೆಲಿಂಗ್!' ಎಂದು ಗೆರೆಯಾಚೆ ಕೂಗು. ರೆಫರಿ ಸೀಟಿ ಊದುವುದಿಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲವೆ?

ಕಾಣುತ್ತದೆ. ನಾವು ಕಾಲು ಎಣಿಸುತ್ತೇವೆ, ಅವರು ಮೊದಲು ಕೈ ನೋಡುತ್ತಾರೆ.

ಈ ತಕರಾರು ಆಟದಷ್ಟೇ ಹಳೆಯದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಮೂರನೆಯದು ಹೀಗಿತ್ತು: ಚೆಂಡು ಹಿಡಿದು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು. ಜೋರಾಗಿ ಓಡುತ್ತ ಹಿಡಿದವನು ನಿಲ್ಲಲು ಯತ್ನಿಸಿದರೆ ಮಾತ್ರ ರಿಯಾಯಿತಿ. ಎಷ್ಟು ಹೆಜ್ಜೆ ರಿಯಾಯಿತಿ? ಪುಣ್ಯಾತ್ಮ ಅದನ್ನು ಬರೆಯಲಿಲ್ಲ!

ಡ್ರಿಬಲ್ ಎಂಬ ಮಾತೂ ಅಲ್ಲಿರಲಿಲ್ಲ. ಎದುರಾಳಿಗಳು ಮುತ್ತಿದಾಗ ಚೆಂಡನ್ನು ನೆಲಕ್ಕೆ ಬಿಟ್ಟು ಮತ್ತೆ ತಾನೇ ಹಿಡಿಯುವುದು ಆಟಗಾರರು ಕಂಡುಕೊಂಡ ಉಪಾಯ. ನಿಯಮ ಬರೆಯುವವರಿಗೆ ಅದು ಬಹುಕಾಲ ಹಿಡಿಸಲಿಲ್ಲ. 1927ರಲ್ಲಿ ಅಮೆರಿಕದ ನಿಯಮ ಸಮಿತಿ ಒಂದೇ ಪುಟಿತ ಸಾಕೆಂದು ತೀರ್ಮಾನಿಸಿ, ಕೋಚುಗಳು ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟಿತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 2017ರ ಜುಲೈನಲ್ಲಿ ಅಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಸೋಲಿಸಿತು. ಅದೇ ಅಕ್ಟೋಬರ್ 1ರಿಂದ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಟ್ರಾವೆಲಿಂಗ್ ನಿಯಮವನ್ನೇ ಬದಲಿಸಿತು. ಓಡುತ್ತಿರುವವಳ ಕೈಗೆ ಚೆಂಡು ಪೂರ್ತಿ ಸಿಕ್ಕ ಗಳಿಗೆಯಲ್ಲಿ ನೆಲದ ಮೇಲಿರುವ ಪಾದ ಲೆಕ್ಕಕ್ಕಿಲ್ಲ, ಅದು ಸೊನ್ನೆ. ಆಮೇಲೆ ಎರಡು ಹೆಜ್ಜೆ. 2019ರಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೆ ಬರುವಷ್ಟರಲ್ಲಿ, ಎರಡು ವರ್ಷದ ಹಿಂದೆ ಸೀಟಿ ಊದಿಸುತ್ತಿದ್ದ ಹೆಜ್ಜೆಯೇ ಸಕ್ರಮವಾಗಿತ್ತು. ನನಗೇನೋ ಇದು ಹೊಸ ಸಡಿಲಿಕೆ ಅನಿಸುವುದಿಲ್ಲ; ನೈಸ್ಮಿತ್ ಬಿಟ್ಟುಹೋದ ಲೆಕ್ಕವನ್ನು 126 ವರ್ಷದ ಮೇಲೆ ತುಂಬಿದ ಹಾಗಿದೆ.

ವಿಚಿತ್ರ ಪ್ರಸಂಗಗಳಿಗೂ ಇದೇ ಕೀಲಿ. ಡ್ರಿಬಲ್ ಮುಗಿಸುವಾಗ ಚೆಂಡು ಕೈಜಾರಿ ನೆಲಕ್ಕೆ ಬಿತ್ತು, ಆಟಗಾರ ಮತ್ತೆ ಹಿಡಿದ. ಡಬಲ್ ಡ್ರಿಬಲ್ಲೇ? ಅಲ್ಲ, ಕೈಜಾರಿದ್ದು ಡ್ರಿಬಲ್ ಅಲ್ಲ. ಚೆಂಡು ಹಿಡಿದೇ ಬಿದ್ದು ನಾಲ್ಕು ಅಡಿ ಜಾರಿಹೋದರೆ? ತಪ್ಪಿಲ್ಲ. ಅಪ್ಪಿಕೊಂಡು ಉರುಳಿದರೆ, ಇಲ್ಲವೇ ಹಿಡಿದುಕೊಂಡೇ ಏಳಹೊರಟರೆ ಮಾತ್ರ ಸೀಟಿ. ಬಿದ್ದಲ್ಲಿಂದಲೇ ಪಾಸ್ ಕೊಡಬಹುದು; ಇನ್ನೂ ಡ್ರಿಬಲ್ ಮಾಡಿರದಿದ್ದರೆ ಚೆಂಡು ಪುಟಿಸುತ್ತ ಎದ್ದು ಓಡಲೂಬಹುದು.