ನಳಿಗೆಯ ಮೇಲಿನ ಮುದ್ರೆ

ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ತೋಕ್‌ಪೂ ಮುಡಿದು ಪೂಜೆಗೆ ಕೂರುತ್ತದೆ. ಹುತ್ತರಿಯ ಕದಿರು ಕೊಯ್ಯುವ ಹೊತ್ತಿಗೆ ಈಡು ಹಾರುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಟ್ಟ ವಿನಾಯಿತಿ ರೂಪ ಬದಲಿಸಿಕೊಂಡು ಇಂದಿಗೂ ಉಳಿದಿರುವುದರಿಂದ ಅಜ್ಜನ ಕೋವಿ ಮೊಮ್ಮಗನ ಕೈಗೆ ಬರುತ್ತದೆ. ಅವುಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಜೋಡುನಳಿಗೆಗಳೂ ಇವೆ. ಇಂಥ ಕೋವಿಗೆ ಯಾವ ತೋಟಾ ಸುರಕ್ಷಿತ ಎಂಬ ಪ್ರಶ್ನೆಗೆ ಕೋವಿಯ ಹೊಳಪು ಉತ್ತರ ಹೇಳುವುದಿಲ್ಲ, ತಯಾರಕರ ಹೆಸರೂ ಹೇಳುವುದಿಲ್ಲ. ಉತ್ತರ ಇರುವುದು ಅದರ ಇತಿಹಾಸದಲ್ಲಿ. ಆ ಇತಿಹಾಸವನ್ನು ನಳಿಗೆಯ ಬುಡದಲ್ಲಿ ಸಣ್ಣ ಮುದ್ರೆಗಳಾಗಿ ಒತ್ತಿಟ್ಟಿದ್ದಾರೆ.

ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಶಾಸನ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯ್ದೆಯ ಮೂಲಕ ಪರೀಕ್ಷಾಗೃಹ ಹುಟ್ಟಿತು. ಅಲ್ಲಿನ ಪದ್ಧತಿ ಸರಳ: ಬಳಕೆಯ ಪ್ರಮಾಣಕ್ಕಿಂತ ಹೆಚ್ಚಿನ ಮದ್ದು ತುಂಬಿ ಹಾರಿಸುವುದು, ಸೀಳದೆ ಉಬ್ಬದೆ ಉಳಿದ ನಳಿಗೆಗೆ ಮುದ್ರೆ ಒತ್ತುವುದು. ಹತ್ತೊಂಬತ್ತನೇ ಶತಮಾನದ ಬಹುಪಾಲು ಆ ಮದ್ದು ಕಪ್ಪು ಮದ್ದೇ ಆಗಿತ್ತು. ಹನ್ನೆರಡು ಬೋರಿನ ಕೋವಿಗೆ ಮೂರು ಡ್ರಾಮ್, ಅಂದರೆ ಸುಮಾರು 5.3 ಗ್ರಾಂ ಮದ್ದು ಮತ್ತು 32 ಗ್ರಾಂ ಚರೆ ವಾಡಿಕೆಯ ಅಳತೆ. ಆಮೇಲೆ ಷುಲ್ಟ್ಸೆ, ಇ.ಸಿ. ಮುಂತಾದ ಹೊಗೆ ಕಡಿಮೆಯ ನೈಟ್ರೊ ಮದ್ದುಗಳು ಬಂದವು. ಅಷ್ಟೇ ತೂಕದ ನೈಟ್ರೊ ಮದ್ದಿನ ಬಲ ಕಪ್ಪು ಮದ್ದಿನದಕ್ಕಿಂತ ಬಹಳ ಹೆಚ್ಚು. ಜೊತೆಗೆ ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ಹಳೆಯ ಡ್ರಾಮ್ ಅಳತೆಗೋಲಿನಲ್ಲೇ ಸಾಂದ್ರವಾದ ಹೊಸ ಮದ್ದನ್ನು ಅಳೆದರೆ ನಳಿಗೆ ಸಿಡಿಯುವುದು ಸಹಜ. ಹೀಗಾಗಿಯೇ 1896ರ ನಿಯಮಗಳು ನೈಟ್ರೊ ಪರೀಕ್ಷೆಗೆ ಬೇರೆಯದೇ ಮುದ್ರೆ ತಂದವು. ಆ ಮುದ್ರೆಯಿಲ್ಲದ ಕೋವಿ ಕಪ್ಪು ಮದ್ದಿಗಷ್ಟೇ ಒಪ್ಪಿಗೆ ಪಡೆದದ್ದು.

ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಬೆಸೆದು ಮಾಡಿದ ದಮಾಸ್ಕಸ್ ನಳಿಗೆಗಳನ್ನೆಲ್ಲ ಗೋಡೆಗೇರಿಸಿಬಿಡಬೇಕು ಎನ್ನುವವರಿದ್ದಾರೆ. ಅವರ ಎಚ್ಚರಿಕೆಯಲ್ಲಿ ಕಾಳಜಿಯಿದೆ, ಆದರೆ ಅವರು ದೂರುವುದು ತಪ್ಪು ಆರೋಪಿಯನ್ನು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹ ಬಗೆಬಗೆಯ ನಳಿಗೆಗಳನ್ನು ಒಂದೇ ಒರೆಗೆ ಹಚ್ಚಿದಾಗ ಉತ್ತಮ ಬೆಸುಗೆಯ ನಳಿಗೆಗಳು ಉಕ್ಕಿನವಕ್ಕೆ ಸರಿಸಾಟಿಯಾಗಿ ನಿಂತವು. ನೈಟ್ರೊ ಮುದ್ರೆ ಪಡೆದ ದಮಾಸ್ಕಸ್ ಕೋವಿಗಳೂ ಇವೆ. ಹಾಗೆಂದು ಎಲ್ಲ ಬೆಸುಗೆಯೂ ಒಂದೇ ಅಲ್ಲ: ಅಗ್ಗದ ನಳಿಗೆಯ ಬೆಸುಗೆಯಲ್ಲಿ ಕಿಟ್ಟ ಉಳಿದಿರಬಹುದು. ಸುಟ್ಟ ಕಪ್ಪು ಮದ್ದಿನ ಶೇಷ ತೇವ ಹೀರುತ್ತದೆ. ಒರೆಸದೆ ಬಿಟ್ಟ ನಳಿಗೆಯನ್ನು ಮಲೆನಾಡಿನ ಒಂದೊಂದು ಮಳೆಗಾಲವೂ ಒಳಗಿನಿಂದ ತಿಂದಿರುತ್ತದೆ. ಬಲವಿದ್ದದ್ದು ನಿಜ, ಈಗಲೂ ಇದೆಯೇ ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ಅಳತೆಯೇ ಉತ್ತರ ಕೊಡಬೇಕು. ಹನ್ನೆರಡು ಬೋರಿನ ನಳಿಗೆಯ ಒಳವ್ಯಾಸ 0.729 ಇಂಚು. ಹಾಗೆ ಗುರುತಾದ ನಳಿಗೆ ತುಕ್ಕು ತೆಗೆಯುತ್ತ, ಉಜ್ಜುತ್ತ ಬುಡದಿಂದ ಒಂಬತ್ತು ಇಂಚಿನಲ್ಲಿ 0.740ಕ್ಕೆ ಹಿಗ್ಗಿದರೆ ಬ್ರಿಟಿಷ್ ನಿಯಮದಂತೆ ಅದರ ಮುದ್ರೆಗೆ ಬೆಲೆಯಿಲ್ಲ. ಹಿಗ್ಗಿದ್ದು ಒಳಗೆ, ತೆಳುವಾದದ್ದು ಗೋಡೆ. ತೋಟಾ ಕೂರುವ ಗೂಡಿನ ಉದ್ದವೂ ಅಷ್ಟೇ ಮುಖ್ಯ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ ಎರಡೂವರೆ ಇಂಚು, 65 ಮಿ.ಮೀ. ಇಂದಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತೋಟಾ 70 ಮಿ.ಮೀ. ಬಾಯಿ ಮಡಚಿದ ತೋಟಾ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ, ಹಾರುವಾಗ ಬಿಚ್ಚಿಕೊಂಡು ಮುಂದಿನ ಕಿರಿದಾದ ದಾರಿಯನ್ನು ಕಟ್ಟುತ್ತದೆ, ಒತ್ತಡ ನೆಗೆಯುತ್ತದೆ. ಹಿಡಿಸಿತೆಂದ ಮಾತ್ರಕ್ಕೆ ಹೊಂದಿತೆಂದು ತಿಳಿಯಬಾರದು. ಎಷ್ಟೋ ವರ್ಷದಿಂದ ಹಾರಿಸುತ್ತಿದ್ದೇವೆ, ಏನೂ ಆಗಿಲ್ಲ ಎಂಬ ವಾದವೂ ಇಲ್ಲಿ ನಿಲ್ಲದು: ಲೋಹ ಪ್ರತಿ ಈಡಿನ ದಣಿವನ್ನೂ ಕೂಡಿಟ್ಟುಕೊಳ್ಳುತ್ತದೆ, ಮುರಿಯುವ ಮುನ್ನ ಹೇಳಿ ಮುರಿಯುವುದಿಲ್ಲ.

ಹಬ್ಬಕ್ಕೆ ಒಂದೆರಡು ಈಡು, ಅದೂ ಹಗುರ ತೋಟಾ, ಅದಕ್ಕಿಷ್ಟು ಯೋಚನೆ ಏಕೆ ಎನ್ನಬಹುದು. ಆಕಾಶಕ್ಕೆ ಹಾರಿಸಿದರೂ ಬೇಟೆಗೆ ಹಾರಿಸಿದರೂ ನಳಿಗೆ ಹೊರುವ ಒತ್ತಡ ಒಂದೇ. ಚರೆ ಹಗುರವಾದರೆ ಒತ್ತಡವೂ ಕಡಿಮೆ ಎಂಬುದು ತಪ್ಪು ನಂಬಿಕೆ: ಗುರಿಯಾಟದ 24 ಗ್ರಾಂ ತೋಟಾದಲ್ಲಿ ಬೇಗ ಉರಿಯುವ ಮದ್ದಿರಬಹುದು, ಅದರ ಒತ್ತಡ ಭಾರದ ತೋಟಾದ್ದಕ್ಕೆ ಸಮನಾಗಿರಬಹುದು. ಆದ್ದರಿಂದ ಕ್ರಮ ಇಷ್ಟೇ: ಬಲ್ಲ ಬಂದೂಕು ಕುಶಲಿಯಿಂದ ಮುದ್ರೆ ಓದಿಸಿ, ಒಳವ್ಯಾಸ, ಗೋಡೆಯ ದಪ್ಪ, ಗೂಡಿನ ಉದ್ದ ಅಳೆಸಿ, ಇವು ಮೂರೂ ಒಪ್ಪುವ ಉದ್ದ ಮತ್ತು ಒತ್ತಡದ ತೋಟಾವನ್ನಷ್ಟೇ ಹಾಕಬೇಕು. ಒಪ್ಪದಿದ್ದರೆ ಆ ಕೋವಿಗೆ ಹೂ ಮುಡಿಸಿ ಕೈಮುಗಿದರೆ ಸಾಕು, ಈಡನ್ನು ಬೇರೊಂದು ಕೋವಿ ಹೊಡೆಯಲಿ. ಮುದ್ರೆ ಒತ್ತಿದವರು ಸಾಕ್ಷಿ ಹೇಳಿದ್ದು ಆ ದಿನದ ನಳಿಗೆಗೆ, ಆ ದಿನದ ಮದ್ದಿಗೆ. ಇಂದಿನ ನಳಿಗೆಗೆ ಸಾಕ್ಷಿ ಹುಡುಕುವ ಹೊಣೆ ಅದನ್ನು ಇಂದು ಹಿಡಿದವರದು.