ಎರವಲು ಪುಸ್ತಕದ ದಾರಿ

ಪರರ ಕೈಸೇರಿದ ಪುಸ್ತಕ ಹೋದಂತೆಯೇ ಎಂಬರ್ಥದ ಸಂಸ್ಕೃತ ಸುಭಾಷಿತವೊಂದು ನಮ್ಮ ಹಿರಿಯರ ಬಾಯಲ್ಲಿ ಆಗಾಗ ಬರುತ್ತಿತ್ತು. ಓಲೆಗರಿಯ ಕಾಲದಲ್ಲಿ ಈ ಭಯಕ್ಕೆ ಕಾರಣವಿತ್ತು. ಕಡ ಕೊಟ್ಟ ಕಟ್ಟು ಹಾದಿಯಲ್ಲಿ ನೆನೆದರೆ ಅಥವಾ ಗೆದ್ದಲಿಗೆ ಸಿಕ್ಕಿದರೆ ಆ ಕೃತಿಯೇ ಲೋಕದಿಂದ ಮರೆಯಾಗಬಹುದಿತ್ತು. ಆದುದರಿಂದ ಪುಸ್ತಕವನ್ನು ಕಳಿಸುವುದಕ್ಕಿಂತ ಅದನ್ನು ಪ್ರತಿ ಮಾಡಿಸಿ ಹಂಚುವುದೇ ಶ್ರೇಷ್ಠವೆಂದು ಜೈನರು ಶಾಸ್ತ್ರದಾನದ ಸಂಪ್ರದಾಯವನ್ನು ಬೆಳೆಸಿದರು. 10ನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ಎಲ್ಲ ಕನ್ನಡಿಗರಿಗೂ ಗೊತ್ತು. ಇಂದಿನ ಗ್ರಂಥಾಲಯಗಳು ಮೂಲವನ್ನು ಕೊಡದೆ ಅದರ ನೆರಳಚ್ಚನ್ನು ಕಳುಹಿಸುತ್ತವಲ್ಲ, ಆ ಕ್ರಮದ ಹಿಂದಿನ ತರ್ಕವೂ ಇದೇ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿದೆ. ಷಟ್ಖಂಡಾಗಮದ ಮೇಲೆ ವೀರಸೇನರು ಬರೆದ ಧವಲಾ ಟೀಕೆಯ ಹಳೆಯ ಓಲೆಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ, ಓದಲು ಅವಕಾಶವಿರಲಿಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತಾದರೂ ಆ ಪ್ರತಿಗಳೂ ಅಲ್ಲಿಯೇ ಇರಬೇಕೆಂಬುದು ಹಿರಿಯರ ಇಚ್ಛೆಯಾಗಿತ್ತು. ಆದರೆ ಗುಟ್ಟಾಗಿ ಮಾಡಿದ ಒಂದು ಪ್ರತಿ ಉತ್ತರದ ಸಹಾರನಪುರವನ್ನು ತಲುಪಿ ನಾಗರಿಗೆ ಇಳಿಯಿತು. ಅಲ್ಲಿಂದ ಪ್ರತಿಯ ಪ್ರತಿಗಳು ಹರಡಿದವು. 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಅದರ ಮೊದಲ ಸಂಪುಟವನ್ನು ಅಚ್ಚಿನಲ್ಲಿ ತಂದರು. ಶತಮಾನಗಳ ಕಾಲ ಕಾಯ್ದವರಿಲ್ಲದಿದ್ದರೆ ಹೊರತರಲು ಏನೂ ಉಳಿಯುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೂ ಪಂಡಿತಲೋಕಕ್ಕೆ ಆ ಗ್ರಂಥ ದಕ್ಕಿದ್ದು ನಿಯಮ ಮುರಿದ ಒಂದು ಪ್ರತಿಯಿಂದ ಎಂಬುದು ಅಷ್ಟೇ ನಿಜ.

ಒಂದು ಗ್ರಂಥಾಲಯ ಇನ್ನೊಂದಕ್ಕೆ ನಿಯಮಬದ್ಧವಾಗಿಯೇ ಪುಸ್ತಕವನ್ನು ಕಡ ಕೊಡಬೇಕೆಂಬ ವಿಚಾರ ಆಧುನಿಕವಾದುದು. ಅಮೆರಿಕದ ವೂಸ್ಟರ್ ನಗರದ ಸಾರ್ವಜನಿಕ ಗ್ರಂಥಾಲಯದ ಸ್ಯಾಮ್ಯುಯೆಲ್ ಸ್ವೆಟ್ ಗ್ರೀನ್ 1876ರಲ್ಲಿ ಲೈಬ್ರರಿ ಜರ್ನಲ್ ಪತ್ರಿಕೆಗೆ ಬರೆದ ಪುಟ್ಟ ಪತ್ರವೊಂದರಲ್ಲಿ ಇದನ್ನು ಸೂಚಿಸಿದ. 1894ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಪಾಲ ಜೋಸೆಫ್ ರೊವೆಲ್ ತನ್ನ ಆಡಳಿತ ಮಂಡಳಿಯ ಅನುಮತಿ ಪಡೆದು ಇತರ ಗ್ರಂಥಾಲಯಗಳೊಡನೆ ಕೊಡುಕೊಳ್ಳುವಿಕೆಗೆ ಮುಂದಾದ. ಅವನ ಯೋಜನೆ ಬಹಳ ಸರಳ: ನಮ್ಮಲ್ಲಿರುವುದನ್ನು ನಿಮಗೆ ಕಳುಹಿಸುತ್ತೇವೆ, ನಿಮ್ಮಲ್ಲಿರುವುದನ್ನು ನಮಗೆ ಕಳುಹಿಸಿ, ಅವಧಿಯನ್ನೂ ಷರತ್ತನ್ನೂ ಮೊದಲೇ ತಿಳಿಸಿ.

ಕಳುಹಿಸುವುದು ಕಷ್ಟವಲ್ಲ, ಅದಕ್ಕೆ ಅಂಚೆಯಿದೆ. ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಯುವುದೇ ಕಷ್ಟ. ಅನೇಕ ಗ್ರಂಥಾಲಯಗಳ ಸಂಗ್ರಹವನ್ನು ಒಂದೇ ಕಡೆ ತೋರಿಸುವ ಸಂಯುಕ್ತ ಸೂಚಿ ಈ ವ್ಯವಸ್ಥೆಯ ಬೆನ್ನೆಲುಬಾದುದು ಇದೇ ಕಾರಣಕ್ಕೆ. 1956ಕ್ಕೆ ಮುಂಚೆ ಮುದ್ರಣಗೊಂಡ ಪುಸ್ತಕಗಳಿಗಾಗಿ ಅಮೆರಿಕದ ಗ್ರಂಥಾಲಯಗಳು ಸಿದ್ಧಪಡಿಸಿದ ಸಂಯುಕ್ತ ಸೂಚಿ ಒಟ್ಟು 754 ಸಂಪುಟಗಳಾಯಿತು. ಆ ಸಂಪುಟಗಳನ್ನು ಇಡುವುದಕ್ಕೇ ಒಂದು ಕೋಣೆ ಬೇಕು! ಆದರೆ ಅವುಗಳಿಂದಾಗಿ ಸಣ್ಣ ಊರಿನ ಕಾಲೇಜಿನಲ್ಲಿ ಕುಳಿತ ಅಧ್ಯಾಪಕನಿಗೂ ತನಗೆ ಬೇಕಾದ ಪುಸ್ತಕ ಯಾವ ನಗರದ ಯಾವ ಕಪಾಟಿನಲ್ಲಿದೆ ಎಂಬುದು ತಿಳಿಯುವಂತಾಯಿತು.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ತಳಹದಿ ಹಾಕಿದವರು ಎಸ್. ಆರ್. ರಂಗನಾಥನ್. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪ್ರಕಾರ ಪುಸ್ತಕ ಇರುವುದು ಬಳಕೆಗೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಯಾವ ಗ್ರಂಥಾಲಯವೂ ಎಲ್ಲವನ್ನೂ ಕೊಳ್ಳಲಾರದು ಎಂದು ಒಪ್ಪಿದ ಮೇಲೆ ಈ ಸೂತ್ರಗಳನ್ನು ನಡೆಸಲು ಎರವಲಿನ ಹೊರತು ಮಾರ್ಗವಿಲ್ಲ. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಕನ್ನಡ ಪುಸ್ತಕದ ಪಾಡು ಈ ನಡುವೆ ವಿಚಿತ್ರವಾಗಿತ್ತು. ಅದು ಹುಟ್ಟಿನಿಂದಲೇ ಹೊರನಾಡ ವಾಸಿ. 1867ರ ಮುದ್ರಣ ಕಾನೂನಿನಂತೆ ಪ್ರಾಂತ ಸರ್ಕಾರಗಳು ಅಚ್ಚಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳನ್ನು ಹೊರಡಿಸುತ್ತಿದ್ದವು. ಧಾರವಾಡದ ಪುಸ್ತಕ ಮುಂಬಯಿಯ ಪಟ್ಟಿಗೆ ಸೇರುತ್ತಿತ್ತು, ಮಂಗಳೂರಿನದು ಮದರಾಸಿನ ಪಟ್ಟಿಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿದ್ದ ಕನ್ನಡ, ಬಡಗ ಮತ್ತು ಕೊಡಗು ಪುಸ್ತಕಗಳಿಗೆ ಬಾರ್ನೆಟ್ ಅವರಿಂದ ಪ್ರತ್ಯೇಕ ಸೂಚೀಪತ್ರವನ್ನೇ 1910ರಲ್ಲಿ ತಂದಿತು. ಸ್ವಾತಂತ್ರ್ಯಾನಂತರ, 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಪ್ರಕಾಶಕನೂ ಪುಸ್ತಕ ಹೊರಬಂದ 30 ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳುಹಿಸಬೇಕಾಯಿತು. ಆ ಮೂರು ಇರುವುದು ಮುಂಬಯಿ, ಚೆನ್ನೈ ಮತ್ತು ದೆಹಲಿಯಲ್ಲಿ. ಕೇಂದ್ರದ ಕಾನೂನು ಕನ್ನಡ ಪುಸ್ತಕವನ್ನು ಕಾಪಾಡಲು ಆರಿಸಿದ ನಾಲ್ಕು ಮನೆಗಳೂ ಕರ್ನಾಟಕದ ಹೊರಗೇ ಇವೆ. ತಪ್ಪಿದರೆ ದಂಡ ಐವತ್ತು ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಇಂಥ ದಂಡಕ್ಕೆ ಯಾರು ತಾನೇ ಹೆದರುತ್ತಾರೆ?

ಹೀಗೆ ಬಂದ ಪುಸ್ತಕಗಳ ಆಧಾರದ ಮೇಲೆ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯನ್ನು ಆರಂಭಿಸಿದವರು ರಾಷ್ಟ್ರೀಯ ಗ್ರಂಥಾಲಯದ ಗ್ರಂಥಪಾಲ ಬಿ. ಎಸ್. ಕೇಶವನ್. ಬಳ್ಳಾರಿ ಅವರ ಹೆಸರಿನೊಳಗೇ ಇದೆ. ಮೈಸೂರಿನಲ್ಲಿ ಅಧ್ಯಾಪನ ಮಾಡಿದವರು. ಆ ಗ್ರಂಥಸೂಚಿಯ ಮೊದಲ ಸಂಚಿಕೆ 1958ರಲ್ಲಿ ಹೊರಬಂತು. ಎಲ್ಲ ಭಾಷೆಗಳ ಪುಸ್ತಕಗಳನ್ನೂ ಒಂದೇ ಸರಣಿಯಲ್ಲಿ ಜೋಡಿಸಬೇಕಾದ ಕಾರಣ ಅವರು ರೋಮನ್ ಲಿಪಿಯನ್ನು ಆರಿಸಿಕೊಂಡರು. ಆ ಕಾಲಕ್ಕೆ ಅದು ಅನಿವಾರ್ಯವಾಗಿದ್ದಿರಬಹುದು, ಆದರೆ ಅದರ ಬೆಲೆಯನ್ನು ತೆತ್ತದ್ದು ಓದುಗ. ಅಕ್ಷರಗಳ ಮೇಲೆ ಕೆಳಗೆ ಇಡುವ ಚಿಹ್ನೆಗಳು ಬಿದ್ದುಹೋದರೆ ಮಲೆ, ಮಳೆ, ಮಾಲೆ ಮೂರೂ ರೋಮನ್‌ನಲ್ಲಿ ಒಂದೇ ರೂಪ ತಾಳುತ್ತವೆ. ಒಬ್ಬ ಗ್ರಂಥಪಾಲ ದೀರ್ಘಸ್ವರವನ್ನು ಎರಡು ಅಕ್ಷರಗಳಲ್ಲಿ ತೋರಿಸಿದರೆ ಇನ್ನೊಬ್ಬ ಒಂದರಲ್ಲಿಯೇ ಮುಗಿಸುತ್ತಾನೆ. ಹುಡುಕುವವನಿಗೆ ಪುಸ್ತಕ ಸಿಗುವುದಿಲ್ಲ. ಇಲ್ಲವೆಂದು ತಿಳಿದು ಎದ್ದುಹೋಗುತ್ತಾನೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತರೂ ರೋಮನ್‌ನಲ್ಲಿ ಸಿದ್ಧವಾದ ಹಳೆಯ ದಾಖಲೆಗಳು ತಾವಾಗಿ ಕನ್ನಡಕ್ಕೆ ತಿರುಗಲಿಲ್ಲ.

ಅತ್ತ ಅಮೆರಿಕದಲ್ಲಿ ನಡೆದದ್ದು ಬೇರೆಯೇ ಕಥೆ. ಪಿ.ಎಲ್. 480 ಎಂದೊಡನೆ ಹಿರಿಯರಿಗೆ ನೆನಪಾಗುವುದು ಗೋಧಿ. ಆ ಗೋಧಿಗೆ ಭಾರತ ತೆತ್ತ ರೂಪಾಯಿಗಳ ಒಂದಂಶವನ್ನು ಪುಸ್ತಕ ಖರೀದಿಗೆ ಬಳಸಲು ಅಮೆರಿಕದ ಸಂಸತ್ತು ಒಪ್ಪಿ, 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆಯಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪುಸ್ತಕಗಳು ಅಲ್ಲಿಂದ ಷಿಕಾಗೊ, ಬರ್ಕ್ಲಿ ಮೊದಲಾದ ವಿಶ್ವವಿದ್ಯಾಲಯಗಳಿಗೆ ಹೊರಟವು. ಹೀಗೆ ಹೋದ ಪುಸ್ತಕಗಳು ಆ ದೇಶದ ಸಂಯುಕ್ತ ಸೂಚಿಗೂ ಸೇರಿದವು. 1979ರಿಂದ ಅಲ್ಲಿನ ಗ್ರಂಥಾಲಯಗಳು ಓಸಿಎಲ್‌ಸಿ ಎಂಬ ಸಹಕಾರಿ ಸಂಸ್ಥೆಯ ಕಂಪ್ಯೂಟರ್ ಜಾಲದ ಮೂಲಕವೇ ಎರವಲು ಕೋರಿಕೆ ಸಲ್ಲಿಸತೊಡಗಿದವು. ಧಾರವಾಡದಲ್ಲಿ ಅಚ್ಚಾಗಿ ಅಲ್ಲಿಗೆ ಹೋದ ಕಾದಂಬರಿಯನ್ನು ಅಮೆರಿಕದ ಸಣ್ಣ ಊರಿನ ವಿದ್ಯಾರ್ಥಿ ತನ್ನ ಕಾಲೇಜಿಗೇ ತರಿಸಿಕೊಳ್ಳಬಹುದಾಯಿತು. ಅದೇ ಕಾದಂಬರಿಯನ್ನು ಧಾರವಾಡದಿಂದ ಮುಂಬಯಿಗೆ ತರಿಸಲು ಹೊರಟವನು ಪರಿಚಯಸ್ಥರನ್ನೇ ಹುಡುಕಬೇಕಾಗಿತ್ತು.

ನಮ್ಮಲ್ಲಿಯೂ ಜಾಲಗಳು ಹುಟ್ಟದೇ ಇರಲಿಲ್ಲ. ಯುನೆಸ್ಕೊ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇನ್ಸ್‌ಡಾಕ್ ವೈಜ್ಞಾನಿಕ ಲೇಖನಗಳ ಪ್ರತಿಗಳನ್ನು ಒದಗಿಸುತ್ತಿತ್ತು. ಮುಂದೆ ಕೇಶವನ್ ಅದರ ಮುಖ್ಯಸ್ಥರೂ ಆದರು. 1988ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ದೆಹಲಿಯ ಗ್ರಂಥಾಲಯಗಳಿಗಾಗಿ ಆರಂಭವಾದ ಡೆಲ್‌ನೆಟ್ ಮುಂದೆ ದೇಶಕ್ಕೆಲ್ಲ ಹರಡಿತು. 1991ರಲ್ಲಿ ಯುಜಿಸಿ ಇನ್‌ಫ್ಲಿಬ್‌ನೆಟ್ ಯೋಜನೆಯನ್ನು ಕೈಗೊಂಡಿತು. ಮೈಸೂರಿನಲ್ಲಿಯೂ ಮೈಲಿಬ್‌ನೆಟ್ ಎಂಬ ಸ್ಥಳೀಯ ಜಾಲವಿತ್ತು. ಇವೆಲ್ಲ ಉಪಯುಕ್ತ ಸಂಸ್ಥೆಗಳೇ. ಆದರೆ ಹಣವೂ ಗಮನವೂ ಮುಖ್ಯವಾಗಿ ಇಂಗ್ಲಿಷ್ ವಿಜ್ಞಾನಪತ್ರಿಕೆಗಳ ಕಡೆಗೇ ಹರಿದವು. 2025ರಿಂದ ಜಾರಿಯಲ್ಲಿರುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಾಗಿದೆ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿ ಸೇರಿವೆ. ವಿಜ್ಞಾನದ ವಿದ್ಯಾರ್ಥಿಗೆ ಇದು ದೊಡ್ಡ ವರವೇ ಸರಿ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಕುಳಿತು 1940ರ ದಶಕದ ಕನ್ನಡ ಮಾಸಪತ್ರಿಕೆಯ ಸಂಚಿಕೆಯನ್ನು ಹುಡುಕುವವಳಿಗೆ ಇದರಿಂದ ಏನೂ ಒದಗುವುದಿಲ್ಲ.

ಅಂಚೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಪುಸ್ತಕಗಳನ್ನು ಅಗ್ಗದಲ್ಲಿ ಸಾಗಿಸುತ್ತಿದ್ದ ನೋಂದಾಯಿತ ಪುಸ್ತಕ ಅಂಚೆಯನ್ನು ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಎಂಬ ದರದೊಂದಿಗೆ ಅದು ಆರಂಭವಾಯಿತು. ಈ ದರದಲ್ಲಿ ಕಾದಂಬರಿಯೊಂದನ್ನು ಮೈಸೂರಿನಿಂದ ಪುಣೆಗೆ ಕಳುಹಿಸಿ ಮರಳಿ ತರಿಸುವುದು ಯಾವ ವಿಶ್ವವಿದ್ಯಾಲಯಕ್ಕೂ ಭಾರವಲ್ಲ.

ಹೊರನಾಡಿನ ನಾಲ್ಕು ಠೇವಣಿ ಗ್ರಂಥಾಲಯಗಳು ಈ ಪ್ರತಿಗಳನ್ನು ಪಡೆಯುವುದು ಕಾಪಾಡುವುದಕ್ಕಾಗಿ. ಮನೆಗೆ ಒಯ್ಯಲು ಅವು ಕೊಡಬೇಕೆಂದು ನಿರೀಕ್ಷಿಸಲಾಗದು. ಕಡ ಕೊಡಬಲ್ಲವು ಮೈಸೂರು, ಧಾರವಾಡ, ಬೆಂಗಳೂರು, ಹಂಪಿಯ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು. ಕೇಳಬೇಕಾದವು ಮುಂಬಯಿ, ಚೆನ್ನೈ, ದೆಹಲಿಯ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ ಮತ್ತು ಪೀಠಗಳು. ಇವುಗಳ ನಡುವೆ ಕನ್ನಡ ಲಿಪಿಯಲ್ಲಿಯೇ ಹುಡುಕಬಹುದಾದ ಒಂದು ಸಂಯುಕ್ತ ಸೂಚಿ ಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘದಂತಹ ಸಂಸ್ಥೆಗಳಲ್ಲಿರುವ ಪುಸ್ತಕಗಳನ್ನೂ ಅದರಲ್ಲಿ ಸೇರಿಸಬೇಕು. ಏಕೆಂದರೆ ಊರಿನಲ್ಲಿ ಅಲಭ್ಯವಾದ ಪುಸ್ತಕ ಕೆಲವೊಮ್ಮೆ ಹೊರನಾಡಿನ ಕಪಾಟಿನಲ್ಲಿರುತ್ತದೆ. ಆಗ ಎರವಲು ಕೇಳುವ ಸರದಿ ಧಾರವಾಡದ್ದಾಗುತ್ತದೆ. ಇದಕ್ಕೆ ಹೊಸ ಕಾನೂನಾಗಲಿ ಹೊಸ ಸಂಸ್ಥೆಯಾಗಲಿ ಬೇಕಿಲ್ಲ. 1894ರಲ್ಲಿ ಬರ್ಕ್ಲಿಯಿಂದ ಹೊರಟಂತಹ ಒಂದು ಪತ್ರವನ್ನು ಎರಡು ಕನ್ನಡ ವಿಭಾಗಗಳ ಮುಖ್ಯಸ್ಥರು ತಮ್ಮ ತಮ್ಮ ಗ್ರಂಥಪಾಲರ ಒಪ್ಪಿಗೆಯೊಡನೆ ಬರೆದುಕೊಂಡರೆ ಕೆಲಸ ಆರಂಭವಾಗುತ್ತದೆ.