ಬಾಲಿದ್ವೀಪವೂ ಅತಿಥಿಧರ್ಮವೂ

ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ನಮ್ಮ ಹಿರಿಯರು ಮನೆಯವನಿಗೆ ವಿಧಿಸಿದರು. ಅತಿಥಿಯು ತನ್ನನ್ನು ತಾನೇ ದೇವರೆಂದು ಭಾವಿಸಿಕೊಳ್ಳಬೇಕೆಂದು ಯಾರೂ ವಿಧಿಸಲಿಲ್ಲ. ಬರಮಾಡಿಕೊಳ್ಳುವವನ ಧರ್ಮವನ್ನು ಕುರಿತು ನಾವು ಮಾತನಾಡುವಷ್ಟು ಬರುವವನ ಧರ್ಮವನ್ನು ಕುರಿತು ಮಾತನಾಡುವುದಿಲ್ಲ. ಈ ಎರಡನೆಯ ಧರ್ಮವನ್ನು ವಿಚಾರಿಸುವುದಕ್ಕೆ ಬಾಲಿದ್ವೀಪದ ಚರಿತ್ರೆಯು ತಕ್ಕ ನಿದರ್ಶನವಾಗಿದೆ. ಜಾವಾದ ಪೂರ್ವಕ್ಕೆ ಕಿರಿದಾದೊಂದು ಜಲಸಂಧಿಯಾಚೆ ಇರುವ ಈ ಸಣ್ಣ ದ್ವೀಪದಲ್ಲಿ ನಲವತ್ತು ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದಾರೆ. ೨೦೧೯ನೆಯ ಇಸವಿಯೊಂದರಲ್ಲಿಯೇ ಅಲ್ಲಿಗೆ ಬಂದ ಪರದೇಶದ ಯಾತ್ರಿಕರು ಅರುವತ್ತು ಲಕ್ಷವನ್ನು ಮೀರಿದ್ದರು. ಮನೆಯವರಿಗಿಂತ ಅತಿಥಿಗಳೇ ಹೆಚ್ಚಾದ ಮನೆ ಅದು.

ಆ ಮನೆಯ ಬಾಗಿಲು ತೆರೆದ ಬಗೆಯನ್ನು ಮೊದಲು ತಿಳಿಯಬೇಕು. ೧೯೦೪ರಲ್ಲಿ ಚೀನೀ ವರ್ತಕನೊಬ್ಬನ ಹಡಗು ಸಾನೂರಿನ ಕರೆಯಲ್ಲಿ ಒಡೆಯಿತು. ಅದರ ಸರಕನ್ನು ಊರವರು ದೋಚಿದರೆಂದು ದೂರು ಹುಟ್ಟಿತು. ಡಚ್ಚರು ಬಾದುಂಗಿನ ರಾಜನನ್ನು ನಷ್ಟಪರಿಹಾರ ಕೇಳಿದರು, ರಾಜನು ಒಪ್ಪಲಿಲ್ಲ. ೧೯೦೬ನೆಯ ಸೆಪ್ಟೆಂಬರಿನಲ್ಲಿ ಡಚ್ ಸೈನ್ಯವು ಸಾನೂರಿನಲ್ಲಿಳಿದು, ೨೦ನೆಯ ತಾರೀಖು ಡೆನ್‌ಪಸಾರಿನ ಅರಮನೆಯನ್ನು ಸಮೀಪಿಸಿತು. ಆಗ ಅರಮನೆಯಿಂದ ಹೊರಟುಬಂದದ್ದು ಸೈನ್ಯವಲ್ಲ. ರಾಜನೂ ರಾಣಿಯರೂ ಪುರೋಹಿತರೂ ಮಕ್ಕಳೂ ಬಿಳಿಯ ವಸ್ತ್ರವನ್ನುಟ್ಟು, ಒಡವೆಗಳನ್ನು ತೊಟ್ಟು, ಕೈಯಲ್ಲಿ ಕಠಾರಿ ಹಿಡಿದು ಬಂದೂಕುಗಳಿಗೆ ಇದಿರಾಗಿ ನಡೆದರು. ಗುಂಡಿಗೆ ಬೀಳದವರು ತಮ್ಮವರ ಕಠಾರಿಗೆ ಬಿದ್ದರು. ಸತ್ತವರು ನೂರಾರು ಮಂದಿ. ಇದನ್ನು ಬಾಲಿಯವರು 'ಪುಪುತಾನ್' ಎನ್ನುತ್ತಾರೆ. ಮುಗಿಸಿಬಿಡುವುದು ಎಂದು ಅದರ ತಾತ್ಪರ್ಯ. ೧೯೦೮ನೆಯ ಏಪ್ರಿಲಿನಲ್ಲಿ ಕ್ಲುಂಗ್‌ಕುಂಗಿನ ರಾಜಕುಲವೂ ಇದೇ ರೀತಿಯಲ್ಲಿ ಮುಗಿಯಿತು. ಅಲ್ಲಿಗೆ ದ್ವೀಪವೆಲ್ಲ ಡಚ್ಚರ ಕೈಸೇರಿತು.

ಈ ಹತ್ಯೆಯ ಸುದ್ದಿಯಿಂದ ಯೂರೋಪಿನಲ್ಲಿ ಡಚ್ಚರಿಗೆ ಅಪಕೀರ್ತಿಯುಂಟಾಯಿತು. ಕೊಂದ ಕೈಯೇ ಮುಂದೆ ಕಾಪಾಡುವ ಕೈಯಾಗಿ ತೋರಿಸಿಕೊಂಡಿತು. ೧೯೧೪ರ ಹೊತ್ತಿಗೆ ಬತೇವಿಯದ ಪ್ರವಾಸಕಚೇರಿಯು ಬಾಲಿಯ ಚೆಲುವನ್ನು ಸಾರುತ್ತಿದ್ದಿತು. ೧೯೨೪ರಿಂದ ವಾರಕ್ಕೊಮ್ಮೆ ಹೊಗೆಹಡಗು ಯಾತ್ರಿಕರನ್ನು ಉತ್ತರತೀರದಲ್ಲಿ ಇಳಿಸತೊಡಗಿತು. ೧೯೨೮ರಲ್ಲಿ ಡೆನ್‌ಪಸಾರಿನಲ್ಲಿ ದೊಡ್ಡ ಹೋಟೆಲೊಂದು ತೆರೆಯಿತು. ಅದು ನಿಂತುದು ರಾಜಕುಲವು ಮಡಿದ ನೆಲದ ಮಗ್ಗುಲಲ್ಲಿ. ಅಲ್ಲಿ ಇಳಿದುಕೊಂಡು ನೃತ್ಯವನ್ನು ನೋಡಿ, ಈ ಜನ ಎಂತಹ ಶಾಂತರು, ಎಂತಹ ನಗೆಮೊಗದವರು ಎಂದು ಮೆಚ್ಚಿದವರಲ್ಲಿ ಎಷ್ಟು ಮಂದಿ ಆ ನೆಲದ ವೃತ್ತಾಂತವನ್ನು ಕೇಳಿದ್ದರು? ಇಪ್ಪತ್ತೆರಡು ವರ್ಷವೆಂದರೆ ಬಹಳ ಕಾಲವಲ್ಲ. ತಂದೆತಾಯಿಗಳನ್ನು ಅಲ್ಲಿ ಕಳೆದುಕೊಂಡವರು ಇನ್ನೂ ಬದುಕಿರಬಹುದಾದ ಕಾಲವದು.

ಆದರೂ ಬಾಲಿಯವರು ಬಂದವರನ್ನು ದ್ವೇಷಿಸಲಿಲ್ಲ. ತಮ್ಮದನ್ನೆಲ್ಲ ಮಾರಿಕೊಳ್ಳಲೂ ಇಲ್ಲ. ಸ್ವಾತಂತ್ರ್ಯಾನಂತರ ೧೯೬೯ರಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವಾಗಿ ಯಾತ್ರಿಕರ ಪ್ರವಾಹವು ಹೆಚ್ಚಿತು. ಆಗ, ೧೯೭೧ರಲ್ಲಿ, ಅಲ್ಲಿಯ ವಿದ್ವಾಂಸರೂ ಕಲಾವಿದರೂ ಸಭೆ ಸೇರಿ ತಮ್ಮ ನೃತ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ದೇವರೆದುರಿನಲ್ಲಿ ಮಾತ್ರ ನಡೆಯತಕ್ಕವು, ಉತ್ಸವಕ್ಕೆ ಸೇರಿದವು, ನೋಟಕರ ವಿನೋದಕ್ಕಾಗಿ ಇರುವವು. ಅತಿಥಿಗೆ ಜಗಲಿಯವರೆಗೆ ಎಡೆಯುಂಟು, ದೇವರಕೋಣೆಗೆ ಇಲ್ಲ ಎಂದು ಮನೆಯವನು ಗೆರೆ ಹಾಕಿದ ಹಾಗೆ ಇದು. ಆ ಗೆರೆಯನ್ನು ಕಾಣಬಲ್ಲವನೇ ಸಭ್ಯ ಯಾತ್ರಿಕನು.

ಕಾಣುವುದು ಕಷ್ಟವೂ ಅಲ್ಲ. ಗುಡಿಗೆ ಹೋಗುವವನು ಕೆಳಗೆ ವಸ್ತ್ರವನ್ನುಟ್ಟು ನಡುವಿಗೆ ಪಟ್ಟಿ ಕಟ್ಟಬೇಕು. ಬೀದಿಯಲ್ಲಿ ಎಲೆಯ ಪುಟ್ಟ ದೊನ್ನೆಯಲ್ಲಿ ಹೂವಿಟ್ಟಿದ್ದರೆ ಅದು ಬೆಳಗಿನ ನೈವೇದ್ಯ, ತುಳಿಯದೆ ಸುತ್ತಿಹೋಗಬೇಕು. ಗದ್ದೆಗಳ ಮೆಟ್ಟಿಲು ಚಿತ್ರಕ್ಕಾಗಿ ಮಾಡಿದುದಲ್ಲ. 'ಸುಬಕ್' ಎಂಬ ರೈತಸಂಘಗಳು ನೀರುಗುಡಿಯ ಆಶ್ರಯದಲ್ಲಿ ಸುಮಾರು ಸಾವಿರ ವರ್ಷದಿಂದ ನೀರನ್ನು ಹಂಚಿಕೊಂಡು ಬಂದ ಏರ್ಪಾಡು. ೨೦೧೨ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯೆಂದು ಮನ್ನಿಸಿತು. ಇಷ್ಟನ್ನೂ ಅರಿಯದ ಕೆಲವರ ಉದ್ಧಟತನದಿಂದ ೨೦೨೩ರಲ್ಲಿ ಪ್ರಾಂತಾಧಿಪತಿಯು ಸುತ್ತೋಲೆಯನ್ನೇ ಹೊರಡಿಸಬೇಕಾಯಿತು: ಪವಿತ್ರವೃಕ್ಷಗಳನ್ನು ಹತ್ತಕೂಡದು, ಪೂಜೆಗಲ್ಲದೆ ಗುಡಿಯ ಒಳಪ್ರಾಕಾರವನ್ನು ಹೊಗಕೂಡದು. ೨೦೨೪ನೆಯ ಫೆಬ್ರವರಿಯಿಂದ ಪರದೇಶದ ಯಾತ್ರಿಕನ ಮೇಲೆ ಒಂದೂವರೆ ಲಕ್ಷ ರೂಪಿಯಾದ ಕಾಣಿಕೆಯನ್ನೂ ವಿಧಿಸಿದರು. ಮರ್ಯಾದೆಯು ತಾನಾಗಿ ಬಾರದೆಡೆಗೆ ಕಾನೂನು ಬರುತ್ತದೆ.

ಇದು ಪರರ ಮಾತೆಂದು ನಾವು ತಿಳಿಯಬಾರದು. ೨೦೨೩ರಲ್ಲಿ ಬಾಲಿಗೆ ಬಂದ ಪರದೇಶಿಗಳಲ್ಲಿ ಆಸ್ಟ್ರೇಲಿಯದವರ ತರುವಾಯ ನಾವೇ, ಭಾರತೀಯರೇ, ಹೆಚ್ಚಾಗಿದ್ದೆವು. ನಮ್ಮ ಅವಿನಯದ ರೀತಿಯೇ ಬೇರೆ. ೧೯೨೭ರಲ್ಲಿ ರವೀಂದ್ರನಾಥ ಠಾಕೂರರು ಸುನೀತಿಕುಮಾರ ಚಟರ್ಜಿಯವರೊಡನೆ ಬಾಲಿಗೆ ಹೋಗಿದ್ದರು. ನಮ್ಮ ಕೆಲವು ವಿದ್ವಾಂಸರು ಈ ದ್ವೀಪಗಳನ್ನು ಪ್ರಾಚೀನ ಭಾರತದ ವಸಾಹತುಗಳೆಂದು ವರ್ಣಿಸಿದ ಕಾಲವದು. ಆ ಹೆಮ್ಮೆಯ ಉಳಿಕೆ ನಮ್ಮಲ್ಲಿ ಇಂದಿಗೂ ಉಂಟು: 'ಇವರೆಲ್ಲ ನಮ್ಮಿಂದ ಕಲಿತವರು, ಈಗ ಅರ್ಧ ಮರೆತವರು' ಎಂಬ ಮಾತು. ಆದರೆ ಬಾಲಿಯನ್ನು ನಮ್ಮ ಯಾವ ಸೈನ್ಯವೂ ಗೆಲ್ಲಲಿಲ್ಲ. ಹೊರಗಿಂದ ಬಂದುದನ್ನು ಅವರೇ ಆರಿಸಿ, ತಮ್ಮ ಪಿತೃಗಳೊಡನೆಯೂ ಬೆಟ್ಟ ನೀರುಗಳೊಡನೆಯೂ ಬೆಸೆದು ತಮ್ಮದನ್ನಾಗಿ ಮಾಡಿಕೊಂಡರು. ಅವರ ಪೂಜೆಯನ್ನು ತಿದ್ದಲು ಹೊರಡುವ ನೆಂಟನು, ಮರ ಹತ್ತುವ ಅನ್ಯನಿಗಿಂತ ಹೆಚ್ಚು ಸಭ್ಯನೇನೂ ಅಲ್ಲ.

ನಿಜವಾದ ನಂಟು ಎಲ್ಲಿದೆಯೆಂಬುದನ್ನು ಒಂದು ಹಬ್ಬವು ತೋರಿಸುತ್ತದೆ. ಬಾಲಿಯವರೂ ಶಕವರ್ಷವನ್ನೇ ಎಣಿಸುತ್ತಾರೆ. ೨೦೨೩ನೆಯ ಮಾರ್ಚಿ ೨೨ರಂದು ನಾವು ಶಕ ೧೯೪೫ರ ಯುಗಾದಿಯನ್ನಾಚರಿಸಿ ಬೇವುಬೆಲ್ಲ ತಿಂದ ದಿನವೇ ಅವರ ಹೊಸವರ್ಷವೂ ಆಗಿದ್ದಿತು. ಅವರು ಅದನ್ನು 'ನ್ಯೆಪಿ' ಎನ್ನುತ್ತಾರೆ, ಮೌನದ ದಿನ. ಬೆಂಕಿಯಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ವಿನೋದವಿಲ್ಲ. ಹಗಲಿರುಳು ವಿಮಾನನಿಲ್ದಾಣವೂ ಮುಚ್ಚಿರುತ್ತದೆ. ಯಾತ್ರಿಕನಿಗೂ ಬೇರೆ ವಿಧಿಯಿಲ್ಲ, ಬೀದಿಗಿಳಿಯಕೂಡದು.

ವರ್ಷವೆಲ್ಲ ಪರರಿಗೆ ತೆರೆದಿರುವ ದ್ವೀಪವು ಆ ಒಂದು ದಿನ ತನ್ನದಾಗಿರುತ್ತದೆ. ಕೊಟ್ಟ ಹಣಕ್ಕೆ ಒಂದು ದಿನ ನಷ್ಟವಾಯಿತೆಂದು ಅಂದು ಗೊಣಗುವವನು ಗಿರಾಕಿ. ದೀಪವಾರಿಸಿ, ದನಿ ತಗ್ಗಿಸಿ, ಮನೆಯವರೊಡನೆ ಸುಮ್ಮನೆ ಕುಳಿತಿರಬಲ್ಲವನು ಅತಿಥಿ.